ಸಾವಿರ ಹೆಜ್ಜೆಯ ಯಂತ್ರ, ದಣಪೆ ದಾಟುವ ಕಾಲು

ಸಿದ್ದಾಪುರ ತಾಲ್ಲೂಕಿನ ಬಿಳಗಿಯ ಸುತ್ತಮುತ್ತ ನಡೆಯುವುದೆಂದರೆ ಸಪಾಟು ನೆಲದ ಮೇಲೆ ಕಾಲು ಹಾಕುವುದಲ್ಲ. ಜಗಲಿಯ ಮೆಟ್ಟಿಲಿಳಿದು, ಅಂಗಳ ದಾಟಿ, ಬೇಲಿಯ ದಣಪೆಯನ್ನು ಕಾಲೆತ್ತಿ ದಾಟಿ, ಅಡಿಕೆ ತೋಟದ ಇಳಿಜಾರಿನಲ್ಲಿ ಹೆಬ್ಬೆರಳೂರಿ ಇಳಿದು, ಹಳ್ಳಕ್ಕೆ ಹಾಕಿದ ಸಂಕದ ಮೇಲೆ ಮೈ ತೂಗಿಸುತ್ತ ಆಚೆ ದಡ ಸೇರುವುದು. ಮಳೆಗಾಲವಾದರೆ ಇದಿಷ್ಟನ್ನೂ ಹಾವಸೆಗಟ್ಟಿದ ಕಲ್ಲಿನ ಮೇಲೆ, ಒಂದು ಕೈಯಲ್ಲಿ ಕೊಡೆ ಹಿಡಿದು ಮಾಡಬೇಕು. ಎಪ್ಪತ್ತು ದಾಟಿದ ಅಜ್ಜಂದಿರು ಕವಳ ಜಗಿಯುತ್ತ, ಕೊನೆಕೊಯ್ಲಿನ ಲೆಕ್ಕ ಹಾಕುತ್ತ, ಕಾಲಿನ ಕಡೆ ಗಮನವನ್ನೇ ಕೊಡದೆ ಇದನ್ನೆಲ್ಲ ಮಾಡುತ್ತಾರೆ.

ಒಂದು ಬೆಳಗ್ಗೆ ಅಂಥ ಅಜ್ಜನಿಗೆ ಲಕ್ವ ಹೊಡೆಯಿತೆನ್ನಿ. ಬಲಗೈ ಬಲಗಾಲು ಮಾತು ಕೇಳುವುದಿಲ್ಲ. ಬಾಯಿ ಸೊಟ್ಟಗಾಗುತ್ತದೆ, ನಾಲಗೆ ತೊದಲುತ್ತದೆ. ಆಸ್ಪತ್ರೆಗೆ ಹೋಗಿ ಜೀವ ಉಳಿಸಿಕೊಂಡು ಮನೆಗೆ ಬಂದ ಮೇಲೆ ಎಲ್ಲರ ಮುಂದೆ ಇರುವ ಪ್ರಶ್ನೆ ಒಂದೇ: ಇನ್ನು ನಡೆದಾರೆಯೆ? ಈಚಿನ ವರ್ಷಗಳಲ್ಲಿ ಈ ಪ್ರಶ್ನೆಗೊಂದು ಬಾಲ ಅಂಟಿಕೊಂಡಿದೆ. ಬೆಂಗಳೂರಿನಲ್ಲಿರುವ ಮಗನೋ ಅಳಿಯನೋ ಮೊಬೈಲಿನಲ್ಲಿ ಒಂದು ವಿಡಿಯೊ ಕಳಿಸುತ್ತಾರೆ. ಅದರಲ್ಲಿ ರೋಗಿಯೊಬ್ಬರನ್ನು ಪಟ್ಟಿ ಬಿಗಿದು ಮೇಲಿನಿಂದ ತೂಗುಹಾಕಲಾಗಿದೆ. ಕಾಲಿಗೆ ಲೋಹದ ಕಾಲು ಕಟ್ಟಲಾಗಿದೆ. ಯಂತ್ರ ಗುಂಯ್‌ಗುಟ್ಟುತ್ತಿದೆ, ರೋಗಿ ನಡೆಯುತ್ತಿದ್ದಾರೆ! ಅಲ್ಲಿಗೆ ಮನೆಯಲ್ಲಿ ಚರ್ಚೆ ಶುರು. ಇಂಥ ಯಂತ್ರ ಇರುವಲ್ಲಿಗೆ ಕರೆದುಕೊಂಡು ಹೋಗೋಣವೆ? ತಿಂಗಳುಗಟ್ಟಲೆ ಅಲ್ಲಿ ಮನೆ ಮಾಡಿಕೊಂಡು ಇರಬೇಕಾಗುತ್ತದೆಯೆ? ಸೊಸೈಟಿಯಲ್ಲಿ ಸಾಲ ತೆಗೆಯುವುದೊ, ತೋಟವನ್ನೇ ಅಡವಿಡುವುದೊ? ಕರೆದುಕೊಂಡು ಹೋಗದಿದ್ದರೆ ಅಪ್ಪನನ್ನು ಕೈಬಿಟ್ಟಂತೆ ಆಗುವುದಿಲ್ಲವೆ?

ಕೊರಗಿಗೂ ಸಾಲಕ್ಕೂ ಮೊದಲು ಈ ಯಂತ್ರ ನಿಜಕ್ಕೂ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂದು ತಿಳಿದಿರುವುದು ಒಳ್ಳೆಯದು.

ಲಕ್ವ ಹೊಡೆದಾಗ ಕೆಟ್ಟಿರುವುದು ಕಾಲಲ್ಲ. ಮೂಳೆ, ಕೀಲು, ಸ್ನಾಯು ಎಲ್ಲ ನಿನ್ನೆ ಇದ್ದಂತೆಯೇ ಇವೆ. ಮಿದುಳಿನ ಒಂದು ರಕ್ತನಾಳದಲ್ಲಿ ಹೆಪ್ಪು ಕಟ್ಟಿ ಆಚೆಯ ನರಕೋಶಗಳಿಗೆ ರಕ್ತ ಸಿಗದೇ ಹೋಗಿದೆ. ಹೆಚ್ಚಿನ ಲಕ್ವಗಳು ಇಂಥವು. ಉಳಿದವುಗಳಲ್ಲಿ ನಾಳ ಒಡೆದು ರಕ್ತ ಸೋರಿರುತ್ತದೆ. ಹೇಗಾದರೂ ಸರಿ, ಕಾಲಿಗೆ ಆಜ್ಞೆ ಕಳಿಸುತ್ತಿದ್ದ ಕೋಶಗಳ ಒಂದು ಕೇರಿಯೇ ಸತ್ತಿದೆ. ಸತ್ತ ನರಕೋಶ ಮತ್ತೆ ಹುಟ್ಟಿ ಬರುವುದಿಲ್ಲ. ಹಾಗಿದ್ದರೆ ಲಕ್ವ ಹೊಡೆದವರಲ್ಲಿ ಅನೇಕರು ಮತ್ತೆ ನಡೆಯುವುದು ಹೇಗೆ? ಪಕ್ಕದ ಕೇರಿಯ ಕೋಶಗಳು ಆ ಕೆಲಸವನ್ನು ಕಲಿತುಕೊಳ್ಳುವುದರಿಂದ. ಅಮೆರಿಕದ ರಾಂಡಾಲ್ಫ್ ನೂಡೊ ಮತ್ತು ಸಂಗಡಿಗರು 1996ರಲ್ಲಿ ಇದನ್ನು ಮಂಗಗಳಲ್ಲಿ ತೋರಿಸಿದರು. ಮಂಗನ ಮಿದುಳಿನಲ್ಲಿ ಕೈಬೆರಳಿಗೆ ಸಂಬಂಧಿಸಿದ ಜಾಗದಲ್ಲಿ ಪುಟ್ಟ ಲಕ್ವ ಉಂಟುಮಾಡಿ, ಸಣ್ಣ ಕುಳಿಯೊಳಗಿನ ಆಹಾರದ ಉಂಡೆಯನ್ನು ಬೆರಳಿನಿಂದ ಎತ್ತಿಕೊಳ್ಳುವ ಕೆಲಸವನ್ನು ಮತ್ತೆ ಮತ್ತೆ ಮಾಡಿಸಿದರು. ಅಭ್ಯಾಸ ಮಾಡಿದ ಮಂಗಗಳಲ್ಲಿ ಬೆರಳಿನ ಜಾಗ ಉಳಿಯಿತು, ಪಕ್ಕಕ್ಕೂ ಹಬ್ಬಿತು. ಅಭ್ಯಾಸವಿಲ್ಲದೆ ಬಿಟ್ಟ ಮಂಗಗಳಲ್ಲಿ ಮಾತ್ರ ಮೊದಲು ಗಟ್ಟಿಯಾಗಿದ್ದ ಜಾಗವೂ ಕುಗ್ಗಿತ್ತು. ಮಿದುಳು ಖಾಲಿ ಬಿದ್ದ ಗದ್ದೆಯ ಹಾಗೆ. ಉತ್ತವನಿಗೆ ದಕ್ಕುತ್ತದೆ, ಬಿಟ್ಟರೆ ಕಳೆ ಬೆಳೆಯುತ್ತದೆ.

ನಡಿಗೆಯ ವಿಷಯದಲ್ಲಿ ಇನ್ನೊಂದು ಅನುಕೂಲವಿದೆ. ಎಡ-ಬಲ-ಎಡ-ಬಲ ಎಂಬ ಲಯ ಪೂರ್ತಿಯಾಗಿ ಮಿದುಳಿನ ಸ್ವತ್ತಲ್ಲ. ಅದರ ಬಹುಪಾಲು ಬೆನ್ನುಹುರಿಯಲ್ಲೇ ಇದೆ. ಬ್ರಿಟನ್ನಿನ ಗ್ರಹಾಂ ಬ್ರೌನ್ 1911ರಲ್ಲೇ ಬೆಕ್ಕುಗಳ ಮೇಲೆ ಪ್ರಯೋಗ ಮಾಡಿ ಹೀಗೆಂದು ಹೇಳಿದ್ದ. ಕೆನಡಾದ ಬಾರ್ಬೊ ಮತ್ತು ರೊಸಿನ್ಯೊಲ್ 1987ರಲ್ಲಿ ಅದನ್ನು ಇನ್ನೂ ಮುಂದಕ್ಕೆ ಒಯ್ದರು. ಬೆನ್ನುಹುರಿ ಕತ್ತರಿಸಿದ ಬೆಕ್ಕುಗಳನ್ನು ಟ್ರೆಡ್‌ಮಿಲ್ಲಿನ ಮೇಲೆ, ಅಂದರೆ ತನ್ನಷ್ಟಕ್ಕೆ ಹಿಂದೆ ಸರಿಯುವ ಪಟ್ಟಿಯ ಮೇಲೆ, ಹಿಡಿದು ದಿನಾ ನಡೆಸಿದರು. ವಾರಗಳು ಕಳೆದಂತೆ ಮಿದುಳಿನ ಆಜ್ಞೆಯೇ ಇಲ್ಲದ ಹಿಂಗಾಲುಗಳು ಪಟ್ಟಿಯ ವೇಗಕ್ಕೆ ತಕ್ಕ ಹೆಜ್ಜೆ ಹಾಕತೊಡಗಿದವು. ಮನುಷ್ಯ ಬೆಕ್ಕಲ್ಲ, ನಿಜ. ಎರಡೇ ಕಾಲಿನ ಮೇಲೆ ನೆಟ್ಟಗೆ ನಿಲ್ಲಬೇಕಾದ ನಮಗೆ ಮಿದುಳಿನ ನೆರವು ಹೆಚ್ಚು ಬೇಕು. ಆದರೂ ಕಾಲಿಗೆ ಹೆಜ್ಜೆಯ ಅನುಭವ ಸಿಗುತ್ತಿದ್ದರೆ ನರಮಂಡಲ ಕಲಿಯುತ್ತದೆ ಎಂಬ ಸುಳಿವು ಸಿಕ್ಕಿತು.

ಈ ಸುಳಿವು ಹಿಡಿದು ವೈದ್ಯರು ರೋಗಿಗಳನ್ನು ಪಟ್ಟಿ ಬಿಗಿದು ಟ್ರೆಡ್‌ಮಿಲ್ಲಿನ ಮೇಲೆ ತೂಗುಹಾಕಿದರು. ಮೈಭಾರದಲ್ಲಿ ಒಂದು ಪಾಲನ್ನು ಪಟ್ಟಿ ಹೊರುತ್ತಿತ್ತು. ಫಿಸಿಯೊಥೆರಪಿಸ್ಟರು ಆಚೀಚೆ ಕುಕ್ಕರುಗಾಲಿನಲ್ಲಿ ಕೂತು ರೋಗಿಯ ಕಾಲನ್ನು ಎತ್ತಿ ಎತ್ತಿ ಮುಂದಿಡುತ್ತಿದ್ದರು. ರೋಗಿ ದಣಿಯುವ ಮೊದಲು ಅವರ ಸೊಂಟ ಬೀಳುತ್ತಿತ್ತು! ಸ್ವಿಟ್ಜರ್ಲೆಂಡಿನ ಜೂರಿಕ್ ನಗರದ ಬಾಲ್ಗ್ರಿಸ್ಟ್ ಆಸ್ಪತ್ರೆಯಲ್ಲಿದ್ದ ಗೆರಿ ಕೊಲಂಬೊ ಎಂಬ ಎಂಜಿನಿಯರ್ ಈ ಎತ್ತುವ ಕೆಲಸವನ್ನು ಮೋಟಾರಿಗೆ ಒಪ್ಪಿಸಿದ. 1996ರಲ್ಲಿ ಮೂವರು ಸೇರಿ ಹೊಕೋಮಾ ಎಂಬ ಕಂಪನಿ ಕಟ್ಟಿದರು. ಅವರ ಯಂತ್ರದ ಹೆಸರು ಲೊಕೊಮ್ಯಾಟ್. ಸೊಂಟಕ್ಕೆ ಮತ್ತು ಮಂಡಿಗೆ ಒಂದೊಂದು ಮೋಟಾರು, ಪಾದ ನೆಲಕ್ಕೆ ಎಳೆಯದಂತೆ ಎತ್ತಿಹಿಡಿಯುವ ಪಟ್ಟಿ, ರೋಗಿ ಎಷ್ಟು ಬಲ ಹಾಕುತ್ತಿದ್ದಾನೆಂದು ಅಳೆಯುವ ಸಂವೇದಕಗಳು, ಎದುರಿಗೆ ಅದನ್ನು ತೋರಿಸುವ ಪರದೆ. ಜರ್ಮನಿಯ ಬರ್ಲಿನ್ನಿನಲ್ಲಿ ಸ್ಟೆಫಾನ್ ಹೆಸ್ಸೆ ಎಂಬ ವೈದ್ಯರ ತಂಡ ಬೇರೊಂದು ದಾರಿ ಹಿಡಿಯಿತು. ಅವರ ಯಂತ್ರದಲ್ಲಿ ಕಾಲಿಗೆ ಲೋಹದ ಕಾಲು ಕಟ್ಟುವುದಿಲ್ಲ. ಎರಡು ಹಲಗೆಗಳ ಮೇಲೆ ಪಾದವಿಟ್ಟರೆ ಹಲಗೆಗಳೇ ನಡಿಗೆಯ ಹಾಗೆ ಚಲಿಸುತ್ತವೆ.

ನಮ್ಮವರೂ ಸುಮ್ಮನೆ ಕೂತಿಲ್ಲ. ಮ್ಯಾನ್‌ಹೋಲಿಗೆ ಮನುಷ್ಯ ಇಳಿಯುವುದನ್ನು ತಪ್ಪಿಸಲು 2018ರಲ್ಲಿ ‘ಬ್ಯಾಂಡಿಕೂಟ್’ ಎಂಬ ರೋಬಾಟ್ ತಂದ ತಿರುವನಂತಪುರದ ಜೆನ್‌ರೊಬಾಟಿಕ್ಸ್ ಸಂಸ್ಥೆಯ ಹುಡುಗರು ಈಗ ‘ಜಿ-ಗೇಟರ್’ ಎಂಬ ನಡಿಗೆ ಯಂತ್ರವನ್ನೂ ಮಾಡಿದ್ದಾರೆ. ಬೆಂಗಳೂರಿನಲ್ಲಿ ಬಯಾನಿಕ್ ಯಂತ್ರ ಎಂಬ ಸಂಸ್ಥೆ ತೊಟ್ಟು ನಡೆಯುವ ಲೋಹದ ಕಾಲುಗಳ ಮೇಲೆ ಕೆಲಸ ಮಾಡಿದೆ. ವಿದೇಶದಿಂದ ತರಿಸಿದ ದೊಡ್ಡ ಯಂತ್ರಗಳ ಬೆಲೆ ಕೋಟಿಯ ಲೆಕ್ಕದಲ್ಲಿರುವುದರಿಂದ ಅವು ಮಹಾನಗರದ ದೊಡ್ಡ ಆಸ್ಪತ್ರೆಗಳನ್ನು ಬಿಟ್ಟು ಈಚೆ ಬರುವುದು ಅಪರೂಪ.

ಇಷ್ಟೆಲ್ಲ ಹಣ ಸುರಿದು ಯಂತ್ರ ಕೊಡುವುದೇನು? ಒಂದೇ ಒಂದನ್ನು: ಹೆಜ್ಜೆಗಳ ಸಂಖ್ಯೆ. ಕ್ಯಾಥರೀನ್ ಲ್ಯಾಂಗ್ ಮತ್ತು ಜೊತೆಗಾರರು ಅಮೆರಿಕ, ಕೆನಡಾಗಳ ಏಳು ಕೇಂದ್ರಗಳಲ್ಲಿ ಲಕ್ವ ರೋಗಿಗಳ 312 ಚಿಕಿತ್ಸೆಯ ಅವಧಿಗಳನ್ನು ಪಕ್ಕದಲ್ಲಿ ಕೂತು ಎಣಿಸಿ 2009ರಲ್ಲಿ ಪ್ರಕಟಿಸಿದರು. ನಡಿಗೆ ಕಲಿಸುವ ಒಂದು ಅವಧಿಯಲ್ಲಿ ರೋಗಿ ಹಾಕಿದ ಹೆಜ್ಜೆಗಳು ಸರಾಸರಿ 357. ಮನೆಯಲ್ಲಿ ಅಡುಗೆ ಮಾಡುವ ಅಮ್ಮ ಬೆಳಗಿನ ದೋಸೆ ಎಬ್ಬಿಸುವಷ್ಟರಲ್ಲಿ ಇದನ್ನು ದಾಟಿರುತ್ತಾರೆ. ಯಂತ್ರಕ್ಕೆ ಕಟ್ಟಿದರೆ ಅಷ್ಟೇ ಹೊತ್ತಿನಲ್ಲಿ ಸಾವಿರ ಹೆಜ್ಜೆ ಹಾಕಿಸಬಹುದು. ಬೀಳುವ ಭಯವಿಲ್ಲ, ಯಾರ ಸೊಂಟವೂ ನೋಯುವುದಿಲ್ಲ.

ಹಾಗಾದರೆ ಯಂತ್ರವೇ ಗೆದ್ದಿತೆ? ಇಲ್ಲಿ ಕತೆ ತಿರುವು ತೆಗೆದುಕೊಳ್ಳುತ್ತದೆ. ಅಮೆರಿಕದಲ್ಲಿ 2008ರಲ್ಲಿ ಪ್ರಕಟವಾದ ಹಾರ್ನ್‌ಬಿ ಅವರ ಪರೀಕ್ಷೆಯಲ್ಲಿ, ಲಕ್ವ ಹೊಡೆದು ಬಹಳ ದಿನವಾಗಿ ಹೇಗೋ ಕುಂಟುತ್ತ ನಡೆಯುತ್ತಿದ್ದ 48 ಜನರನ್ನು ಎರಡು ಪಂಗಡ ಮಾಡಲಾಗಿತ್ತು. ಒಂದು ಪಂಗಡಕ್ಕೆ ಯಂತ್ರದ ನೆರವು, ಇನ್ನೊಂದಕ್ಕೆ ಫಿಸಿಯೊಥೆರಪಿಸ್ಟರ ಕೈಯ ನೆರವು. ನಡಿಗೆಯ ವೇಗ ಹೆಚ್ಚು ಸುಧಾರಿಸಿದ್ದು ಕೈಯ ಪಂಗಡದಲ್ಲಿ. ಮರುವರ್ಷ, ಲಕ್ವವಾಗಿ ಆರು ತಿಂಗಳೊಳಗಿನ 63 ಜನರ ಮೇಲೆ ಹಿಡ್ಲರ್ ನಡೆಸಿದ ಪರೀಕ್ಷೆಯಲ್ಲೂ ಹಾಗೆಯೇ ಆಯಿತು. ಕಾರಣ ಊಹಿಸುವುದು ಕಷ್ಟವಲ್ಲ. ಯಂತ್ರ ಕಾಲನ್ನು ಪೂರ್ತಿ ತಾನೇ ಎತ್ತಿಕೊಟ್ಟರೆ ರೋಗಿಯ ಮಿದುಳು ಆರಾಮಾಗಿ ಕೂರುತ್ತದೆ. ಅಪ್ಪನೇ ಕೂತು ಲೆಕ್ಕ ಬಿಡಿಸಿಕೊಟ್ಟ ಹೋಂವರ್ಕಿನ ಹಾಗೆ ಪುಸ್ತಕ ತುಂಬುತ್ತದೆ, ಮಗ ಕಲಿಯುವುದಿಲ್ಲ. ಒಳ್ಳೆಯ ಫಿಸಿಯೊಥೆರಪಿಸ್ಟ್ ಎಲ್ಲಿ ಹಿಡಿಯಬೇಕು ಎಂಬುದಕ್ಕಿಂತ ಯಾವಾಗ ಕೈಬಿಡಬೇಕು ಎಂಬುದನ್ನು ಚೆನ್ನಾಗಿ ಬಲ್ಲ. ರೋಗಿ ಸ್ವಲ್ಪ ತಪ್ಪಲಿ, ತೂರಾಡಲಿ, ತಾನೇ ಸರಿಪಡಿಸಿಕೊಳ್ಳಲಿ ಎಂದು ಬಿಡುತ್ತಾನೆ. ಈ ಪಾಠ ಕಲಿತ ಮೇಲೆ ಯಂತ್ರಗಳನ್ನೂ ಬದಲಿಸಲಾಯಿತು. ರೋಗಿಯ ಬಲ ಎಷ್ಟಿದೆಯೋ ಅಷ್ಟನ್ನು ಅವನಿಂದಲೇ ದುಡಿಸಿ, ಕಡಿಮೆ ಬಿದ್ದದ್ದನ್ನು ಮಾತ್ರ ತುಂಬಿಕೊಡುವಂತೆ ಈಗಿನ ಯಂತ್ರಗಳನ್ನು ಹೊಂದಿಸಬಹುದು.

ಇಂಥ ಬಿಡಿಬಿಡಿ ಪರೀಕ್ಷೆಗಳನ್ನೆಲ್ಲ ಒಟ್ಟುಗೂಡಿಸಿ ತೂಗಿ ನೋಡುವ ಕೆಲಸವನ್ನು ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಘಟನೆ ಮಾಡುತ್ತದೆ. ನಡಿಗೆ ಯಂತ್ರಗಳ ಕುರಿತ ಅದರ 2020ರ ವರದಿಯಲ್ಲಿ 62 ಪರೀಕ್ಷೆಗಳ 2440 ರೋಗಿಗಳ ಲೆಕ್ಕವಿದೆ. ಫಿಸಿಯೊಥೆರಪಿಯ ಜೊತೆಗೆ ಯಂತ್ರವನ್ನೂ ಬಳಸಿದವರಲ್ಲಿ ಪರರ ಆಸರೆಯಿಲ್ಲದೆ ನಡೆಯುವ ಸಾಧ್ಯತೆ ಹೆಚ್ಚು ಎನ್ನುತ್ತದೆ ವರದಿ. ಹೆಚ್ಚಿನ ಲಾಭ ಯಾರಿಗೆ? ಲಕ್ವವಾಗಿ ಇನ್ನೂ ಮೂರು ತಿಂಗಳಾಗದವರಿಗೆ ಮತ್ತು ಎದ್ದು ಹೆಜ್ಜೆಯಿಡಲು ಸ್ವಲ್ಪವೂ ಆಗದವರಿಗೆ. ನಡಿಗೆಯ ವೇಗ ಮಾತ್ರ ಹೆಚ್ಚಿದ್ದು ತುಸುವೇ. ‘ಫಿಸಿಯೊಥೆರಪಿಯ ಜೊತೆಗೆ’ ಎಂಬ ಮಾತನ್ನು ಇನ್ನೊಮ್ಮೆ ಓದಿ. ಅದರ ಬದಲಿಗೆ ಅಲ್ಲ.

ತೋಟ ಅಡವಿಡಲು ಹೊರಟವರು ಇನ್ನೊಂದು ಪರೀಕ್ಷೆಯ ಫಲಿತಾಂಶವನ್ನೂ ತಿಳಿದಿರಬೇಕು. ಅಮೆರಿಕದ ಪಮೇಲಾ ಡಂಕನ್ ನೇತೃತ್ವದಲ್ಲಿ 408 ಲಕ್ವ ರೋಗಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನ ಅದು. ಕೆಲವರಿಗೆ ತೂಗುಪಟ್ಟಿ-ಟ್ರೆಡ್‌ಮಿಲ್ಲಿನ ತರಬೇತಿಯನ್ನು ಎರಡು ತಿಂಗಳಿಗೆ, ಕೆಲವರಿಗೆ ಆರು ತಿಂಗಳಿಗೆ ಶುರುಮಾಡಿದರು. ಮೂರನೆಯ ಪಂಗಡದವರ ಮನೆಗೇ ಫಿಸಿಯೊಥೆರಪಿಸ್ಟ್ ಹೋಗಿ ಬಲ ಮತ್ತು ಸಮತೋಲ ಹೆಚ್ಚಿಸುವ ಸಾಮಾನ್ಯ ವ್ಯಾಯಾಮ ಮಾಡಿಸಿದರು. ಎಲ್ಲರಿಗೂ ಒಂದೂವರೆ ಗಂಟೆಯಂತೆ 36 ಅವಧಿ. ವರ್ಷ ತುಂಬಿದಾಗ ಒಟ್ಟು ರೋಗಿಗಳಲ್ಲಿ ಶೇಕಡಾ 52ರಷ್ಟು ಜನರ ನಡಿಗೆ ಒಂದು ಹಂತ ಮೇಲೇರಿತ್ತು. ಪಂಗಡಗಳ ನಡುವೆ ಗಣನೀಯ ವ್ಯತ್ಯಾಸವಿರಲಿಲ್ಲ! ಆರು ತಿಂಗಳ ನಂತರ ಶುರುಮಾಡಿದವರೂ ಸುಧಾರಿಸಿದ್ದರು. ‘ಮೂರು ತಿಂಗಳಾಯಿತು, ಇನ್ನೇನೂ ಆಗುವುದಿಲ್ಲ’ ಎಂದು ಕೈಚೆಲ್ಲುವುದು ಸರಿಯಲ್ಲ ಎಂಬುದಕ್ಕೆ ಇದೂ ಒಂದು ಸಾಕ್ಷಿ.

ಹಾಗೆಂದು ಎಲ್ಲವನ್ನೂ ಮನೆಯವರ ತಲೆಗೆ ಕಟ್ಟಿ ಸರ್ಕಾರ ಕೈತೊಳೆದುಕೊಳ್ಳುವಂತಿಲ್ಲ. ಅದಕ್ಕೂ ನಮ್ಮ ದೇಶದಲ್ಲೇ ಪುರಾವೆ ಇದೆ. ಭಾರತದ 14 ಆಸ್ಪತ್ರೆಗಳಲ್ಲಿ 1250 ರೋಗಿಗಳನ್ನು ಸೇರಿಸಿಕೊಂಡು ನಡೆದ ‘ಅಟೆಂಡ್’ ಎಂಬ ಅಧ್ಯಯನದ ಫಲಿತಾಂಶ 2017ರಲ್ಲಿ ಬಂತು. ಒಂದು ಪಂಗಡದಲ್ಲಿ ಮನೆಯವರೊಬ್ಬರಿಗೆ ಆಸ್ಪತ್ರೆಯಲ್ಲೇ ತರಬೇತಿ ಕೊಟ್ಟು, ಮನೆಯಲ್ಲಿ ವ್ಯಾಯಾಮ ಮುಂದುವರಿಸಲು ಹೇಳಲಾಗಿತ್ತು. ಆರು ತಿಂಗಳ ನಂತರ ನೋಡಿದರೆ ಎರಡೂ ಪಂಗಡಗಳಲ್ಲಿ ಶೇಕಡಾ 47ರಷ್ಟು ಜನ ತೀರಿಕೊಂಡಿದ್ದರು ಇಲ್ಲವೆ ಪರಾವಲಂಬಿಗಳಾಗಿದ್ದರು. ಮನೆಯವರಿಗೆ ಪ್ರೀತಿ ಕಡಿಮೆಯಿತ್ತೆಂದು ಯಾರೂ ಹೇಳಲಾರರು. ಆದರೆ ನಡಿಗೆ ಕಲಿಸುವುದು ಒಂದು ವಿದ್ಯೆ. ಎರಡು ದಿನದಲ್ಲಿ ಹೇಳಿಕೊಟ್ಟು ಮುಗಿಸುವಂಥದ್ದಲ್ಲ. ಅಮೆರಿಕದ ಅಧ್ಯಯನದಲ್ಲೂ ಮನೆಗೆ ಬಂದವರು ಕಲಿತ ಫಿಸಿಯೊಥೆರಪಿಸ್ಟರೇ ಎಂಬುದನ್ನು ಮರೆಯಬಾರದು.

ಈ ಎರಡು ಫಲಿತಾಂಶಗಳನ್ನು ಅಕ್ಕಪಕ್ಕ ಇಟ್ಟರೆ ಬಿಳಗಿಯಂಥ ಊರಿಗೆ ಏನು ಬೇಕೆಂಬುದು ಹೊಳೆಯುತ್ತದೆ. ಕೋಟಿಯ ಯಂತ್ರ ಆ ಪಟ್ಟಿಯ ತುದಿಯಲ್ಲಿದೆ. ಮೊದಲು ಬೇಕಾದದ್ದು ವೇಳೆಗೆ ಸರಿಯಾದ ಆಸ್ಪತ್ರೆ. ಹೆಪ್ಪು ಕರಗಿಸುವ ಮದ್ದು ಕೊಡಲು ಲಕ್ವ ಕಾಣಿಸಿಕೊಂಡಲ್ಲಿಂದ ನಾಲ್ಕೂವರೆ ಗಂಟೆಯೊಳಗೆ, ತಲೆಯ ಸಿ.ಟಿ. ಸ್ಕ್ಯಾನ್ ಇರುವಲ್ಲಿಗೆ ತಲುಪಿರಬೇಕು. ತಲುಪಿದ ಮೇಲೂ ಪರೀಕ್ಷೆಗೆ ಹೊತ್ತು ಹಿಡಿಯುತ್ತದೆ. ಬಿಳಗಿಯಿಂದ ಸಾಗರದ ಮೇಲೆ ಶಿವಮೊಗ್ಗಕ್ಕೆ ನೂರು ಕಿಲೋಮೀಟರಿಗೂ ಹೆಚ್ಚು. ಕರಾವಳಿಗೆ ಹೋಗುವುದಾದರೆ ಘಟ್ಟ ಇಳಿಯಬೇಕು, ಮಣಿಪಾಲ ಇನ್ನೂ ಆಚೆ. ಉತ್ತರ ಕನ್ನಡಕ್ಕೊಂದು ಸುಸಜ್ಜಿತ ದೊಡ್ಡ ಆಸ್ಪತ್ರೆ ಬೇಕೆಂದು 2022ರಲ್ಲಿ ಜಿಲ್ಲೆಯ ಜನ ಬೀದಿಗಿಳಿದು ಕೂಗಿದ್ದು ಸುಮ್ಮನೆ ಅಲ್ಲ. ಎರಡನೆಯದಾಗಿ ಬೇಕಾದದ್ದು ವಾರಕ್ಕೆರಡು ಸಲವಾದರೂ ಮನೆಯ ಜಗಲಿಗೆ ಬಂದು ಹೋಗುವ ಫಿಸಿಯೊಥೆರಪಿಸ್ಟ್. ಬೆಂಗಳೂರಿನಲ್ಲಿ 1994ರಲ್ಲಿ ಶುರುವಾದ ಮೊಬಿಲಿಟಿ ಇಂಡಿಯಾ ಸಂಸ್ಥೆ ಇಂಥ ಕೆಲಸದಲ್ಲಿ ಕೈಜೋಡಿಸುವ ಪುನರ್ವಸತಿ ಸಹಾಯಕರನ್ನು ತರಬೇತುಗೊಳಿಸುತ್ತ ಬಂದಿದೆ. ಅದು ಒಂದು ಮಾದರಿ.

ಮನೆಯಲ್ಲಿ ಮಾಡಬಹುದಾದದ್ದೂ ಇದೆ. ಬಾಯಿ ಸೊಟ್ಟಗಾದರೆ, ಎರಡೂ ಕೈ ಎತ್ತಲು ಹೇಳಿದಾಗ ಒಂದು ಕೆಳಗೆ ಜಾರಿದರೆ, ಮಾತು ತೊದಲಿದರೆ ಅದು ಲಕ್ವವೆಂದೇ ತಿಳಿದು ಗಡಿಯಾರ ನೋಡಿಕೊಂಡು 108ಕ್ಕೆ ಫೋನ್ ಮಾಡಬೇಕು. ‘ಮಲಗಿ ಎದ್ದರೆ ಸರಿಹೋದೀತು’ ಎಂದು ಕಾಯಬಾರದು. ಮನೆಯಲ್ಲಿ ಆ ಹೊತ್ತಿಗೆ ಇರುವವರು ಶಾಲೆಯ ಮಕ್ಕಳೇ ಆಗಿರಬಹುದು, ಅವರಿಗೂ ಇದು ಗೊತ್ತಿರಲಿ. ಜೀವ ಉಳಿದ ಕೂಡಲೆ ಎಬ್ಬಿಸಿ ನಡೆಸುವ ಅವಸರವೂ ಬೇಡ. ಐದು ದೇಶಗಳ 2104 ರೋಗಿಗಳ ಮೇಲೆ ನಡೆದ ‘ಆವರ್ಟ್’ ಎಂಬ ಅಧ್ಯಯನ 2015ರಲ್ಲಿ ತೋರಿಸಿದಂತೆ, ಮೊದಲ 24 ಗಂಟೆಯೊಳಗೇ ಎಬ್ಬಿಸಿ ಹೆಚ್ಚು ಹೊತ್ತು ಕಸರತ್ತು ಮಾಡಿಸಿದವರ ಗತಿ ಉಳಿದವರಿಗಿಂತ ತುಸು ಕೆಟ್ಟಿತು. ಯಾವಾಗ ಎಬ್ಬಿಸಬೇಕೆಂಬುದನ್ನು ವೈದ್ಯರು ಹೇಳಲಿ.

ವೈದ್ಯರು ಹ್ಞೂಂ ಎಂದ ಮೇಲೆ ಹೆಜ್ಜೆಯ ಲೆಕ್ಕ ಶುರುವಾಗಲಿ. ಅಂಗಳದಲ್ಲಿ ಗಟ್ಟಿ ಗೂಟ ಹುಗಿದು, ಸೊಂಟದೆತ್ತರಕ್ಕೆ ಎರಡು ಬಿದಿರ ಗಳಗಳನ್ನು ಸಮಾನಾಂತರವಾಗಿ ಕಟ್ಟಿದರೆ ಹಿಡಿದು ನಡೆಯಲು ಆಸರೆಯಾಯಿತು. ಎತ್ತರ, ಅಂತರಗಳನ್ನು ಫಿಸಿಯೊಥೆರಪಿಸ್ಟರನ್ನು ಕೇಳಿಯೇ ಮಾಡಿ. ಮೊದಮೊದಲು ಒಬ್ಬರು ಮಗ್ಗುಲಿಗೇ ಇರಬೇಕು. ಮೊಮ್ಮಕ್ಕಳ ಹಳೆಯ ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ, ಇಂದು ಎಷ್ಟು ಹೆಜ್ಜೆ ಎಂದು ಬರೆಯಿರಿ. ನಿನ್ನೆ 40, ಇವತ್ತು 46 ಎಂಬ ಲೆಕ್ಕಕ್ಕೆ ಮದ್ದಿಗಿಲ್ಲದ ಗುಣವಿದೆ. ಲಕ್ವ ಹೊಡೆದವರನ್ನು ಕಾಲಿಗಿಂತ ಮೊದಲು ನೆಲಕ್ಕೆ ಕೆಡಹುವುದು ಖಿನ್ನತೆ. ಯಕ್ಷಗಾನದ ಸೀಮೆಯವರಿಗೆ ಇನ್ನೊಂದು ಸೌಲಭ್ಯವಿದೆ. ತಾಳಕ್ಕೆ ತಕ್ಕಂತೆ ಹೆಜ್ಜೆ ಹಾಕಿಸಿದರೆ ಲಕ್ವ ರೋಗಿಗಳ ನಡಿಗೆಯ ವೇಗವೂ ಹೆಜ್ಜೆಯ ಉದ್ದವೂ ಹೆಚ್ಚು ಸುಧಾರಿಸುತ್ತವೆಂದು ಅಮೆರಿಕದಲ್ಲಿ ಮೈಕೆಲ್ ಥೌಟ್ ಮತ್ತು ಜೊತೆಗಾರರು 1997ರಲ್ಲಿ 20 ರೋಗಿಗಳಲ್ಲಿ ತೋರಿಸಿದ್ದಾರೆ. ಅವರು ಬಳಸಿದ್ದು ಒಂದೇ ಸಮನೆ ಬಡಿಯುವ ಲಯ. ಭಾಗವತರ ತಾಳ ಕೇಳುತ್ತ ಬೆಳೆದವರಿಗೆ ಅದು ಹೊಸತೇನಲ್ಲ, ಮನೆಯ ಹುಡುಗರು ವಿಲಂಬ ಗತಿಯಲ್ಲಿ ಕೈತಟ್ಟಿದರೂ ಆದೀತು.

ಸಪಾಟು ಅಂಗಳದ ಮೇಲೆ ಹೆಜ್ಜೆ ಕುದುರಿದ ಮೇಲೂ ಕೆಲಸ ಮುಗಿಯುವುದಿಲ್ಲ. ಮಿದುಳು ಯಾವುದನ್ನು ಅಭ್ಯಾಸ ಮಾಡುತ್ತದೆಯೋ ಅದನ್ನೇ ಕಲಿಯುತ್ತದೆ. ಟ್ರೆಡ್‌ಮಿಲ್ಲಿನ ಮೇಲೆ ಸಾವಿರ ಹೆಜ್ಜೆ ಹಾಕಿದವರು ಟ್ರೆಡ್‌ಮಿಲ್ಲಿನಲ್ಲಿ ನಿಪುಣರಾಗುತ್ತಾರೆ. ಆದರೆ ಅಲ್ಲಿ ದಣಪೆ ಇರುವುದಿಲ್ಲ, ಇಳಿಜಾರಿನಲ್ಲಿ ಬಿದ್ದ ಅಡಿಕೆ ಸೋಗೆ ಇರುವುದಿಲ್ಲ. ಜಗಲಿಯ ಮೆಟ್ಟಿಲು, ಬಚ್ಚಲಿನ ಹೊಸ್ತಿಲು, ನಂತರ ದಣಪೆ ಎಂದು ಒಂದೊಂದನ್ನೇ, ಪಕ್ಕದಲ್ಲಿ ಬಲ್ಲವರನ್ನು ಇಟ್ಟುಕೊಂಡು, ಬೇರೆ ಬೇರೆ ಪಾಠವಾಗಿ ಕಲಿಯಬೇಕು. ಸಂಕವನ್ನು ಹಲವರು ಮತ್ತೆ ದಾಟಲಿಕ್ಕಿಲ್ಲ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆದರೆ ಬಚ್ಚಲಿಗೆ ತಾನೇ ಹೋಗಿ ಬರುವುದು ಕೂಡ ಸಣ್ಣ ಸ್ವಾತಂತ್ರ್ಯವಲ್ಲ.

ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡ ಮಕ್ಕಳಿಗೂ ಅವರ ತಂದೆತಾಯಿಯರಿಗೂ ಕೊನೆಯದೊಂದು ಮಾತು. ನಮ್ಮಲ್ಲಿ ಎಂಬಿಬಿಎಸ್ ಸೀಟು ಸಿಗದಿದ್ದರೆ ‘ಹೋಗಲಿ, ಬಿಪಿಟಿಯಾದರೂ ಸಿಕ್ಕಿತಲ್ಲ’ ಎನ್ನುವ ಮಾತಿದೆ. ಬಿಪಿಟಿ ಅಂದರೆ ಫಿಸಿಯೊಥೆರಪಿಯ ಪದವಿ. 2021ರಲ್ಲಿ ಸಂಸತ್ತು ಒಪ್ಪಿದ ಕಾಯ್ದೆಯೊಂದು ಈ ವೃತ್ತಿಗೆ ದೇಶಮಟ್ಟದ ಮನ್ನಣೆ, ನಿಯಮಗಳನ್ನು ಕೊಟ್ಟಿದೆ. ಆ ‘ಆದರೂ’ ಎಂಬ ಪದವನ್ನು ನಾವು ಬಿಡಬೇಕು. ಯಂತ್ರ ಮಾಡುವ ಎಂಜಿನಿಯರ್ ನಮ್ಮೂರಿನಿಂದ ಬಂದರೆ ಸಂತೋಷ. ಆ ಯಂತ್ರ ಅಗ್ಗವಾಗಿ ತಾಲ್ಲೂಕು ಆಸ್ಪತ್ರೆಗೆ ಬಂದರೆ ಇನ್ನೂ ಸಂತೋಷ. ಅಲ್ಲಿಯವರೆಗೆ ಮತ್ತು ಅದರ ನಂತರವೂ, ಎಲ್ಲಿ ಹಿಡಿಯಬೇಕು, ಯಾವಾಗ ಬಿಡಬೇಕು ಎಂದು ಕಲಿತ ಎರಡು ಕೈಗಳು ಸಿದ್ದಾಪುರದಲ್ಲೂ ಶಿರಸಿಯಲ್ಲೂ ಯಲ್ಲಾಪುರದಲ್ಲೂ ಬೇಕಾಗಿವೆ. ಅಂಥ ಕೈಗಳು ಊರಿಗೆ ಮರಳುವಂತೆ ಸಂಬಳ, ಹುದ್ದೆ, ಗೌರವ ಕೊಡುವುದು ಒಂದು ಲೊಕೊಮ್ಯಾಟ್ ಕೊಳ್ಳುವುದಕ್ಕಿಂತ ದುಬಾರಿಯೇನಲ್ಲ.